ತುಕ್ಕು ಹಿಡಿದ ಎಲೆಯ ಗಾಜಿನ ಪಟ

೨೦೨೪ರ ಆಗಸ್ಟ್ ೧೪, ಬುಧವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ಗೋವಿನಕೋವಿಯ ಸಾವಂತ್ರಮ್ಮ ಹಳೇ ಸೀರೆಯ ತುಂಡಿನಿಂದ ಗಾಜಿನ ಪಟವನ್ನು ಬಿಡಿಸಿದಳು. ಆದರೆ ಕೂಡಲೇ ಕೊಡಲಿಲ್ಲ.

“ಫೋಟೋ ತೆಗೆಯೋದಾದ್ರೆ ಕೈ ಸಮೇತ ತೆಗೀರಿ ಮೇಡಂ. ಎಲೆ ಒಂದನ್ನೇ ತೆಗೀಬ್ಯಾಡ್ರಿ.”

ಅನ್ನಪೂರ್ಣ ಸಸ್ಯರೋಗಗಳ ಸಂಶೋಧಕಿ. ಎಲೆಯನ್ನು ಕೂದಲಿಗಿಂತ ತೆಳುವಾಗಿ ಸೀಳುವ ಬಲಗೈಯಿಂದಲೇ ಅವಳ ಕೆಲಸ, ಅವಳ ಹೆಸರು. ಬ್ರಿಟಿಷರ ಕಾಲದ ಕಾಫಿ ತೋಟಗಳ ರೋಗಚಿತ್ರ ಹುಡುಕುತ್ತ ಇಲ್ಲಿಯವರೆಗೆ ಬಂದಿದ್ದಳು. ಗಾಜಿನ ಮೇಲೆ ಮೂಡಿದ ಹಳೇ ಫೋಟೋದಲ್ಲಿ ತುಕ್ಕುರೋಗ ಬಡಿದ ಕಾಫಿ ಎಲೆ. ಅದರ ತೊಟ್ಟು ಹಿಡಿದ ಹೆಂಗಸಿನ ಬಲಗೈ. ಎಲೆಯ ಅಳತೆ ತಿಳಿಯಲೆಂದು ತೋಟದ ದೊರೆ ಹಿಡಿಸಿದ್ದು.

ಆ ಕೈ ಸಾವಂತ್ರಮ್ಮನ ಮುತ್ತಜ್ಜಿಯದು. ಕೂಲಿಗೆಂದು ಘಟ್ಟ ಹತ್ತಿದವಳು. ಅವಳು ಮುಟ್ಟಿದ್ದಕ್ಕೇ ರೋಗ ಹಬ್ಬಿತೆಂದು ಮೇಸ್ತ್ರಿ ಆ ಕೈಯನ್ನು ಕೆಂಡಕ್ಕೆ ಒತ್ತಿದನಂತೆ. ಅವಳು ಪಟ ಕದ್ದು ತಂದು, ಅದೇ ಕೆಂಡದ ಬೂದಿ ಸವರಿ ಮಾಟ ಕಟ್ಟಿದಳಂತೆ: ತನ್ನ ಕೈ ಬಿಟ್ಟು ಎಲೆಯನ್ನಷ್ಟೇ ತೆಗೆದುಕೊಂಡವರ ಕೈ ಉಳಿಯಬಾರದು.

“ಕೈಗೆ ರೋಗ ಇಲ್ವಲ್ಲ ಅಜ್ಜಿ. ನನಗೆ ಬೇಕಾಗಿರೋದು ರೋಗ,” ಎಂದು ಅನ್ನಪೂರ್ಣ ನಕ್ಕಳು.

“ನಗ್ರಿ. ನನ್ನ ಮೈದುನಾನೂ ಹಿಂಗೇ ನಕ್ಕು ಎಲೆ ಒಂದನ್ನೇ ಫೋಟೋ ತೆಗೆದಿದ್ದ. ಈಗ ದಿನಾ ಅವನಿಗೆ ತುತ್ತು ಇಡಾಕೆ ನಾನೇ ಹೋಗ್ತೀನಿ.”

ಕಾಳಿನ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ಇಳಿಬಿಟ್ಟು, ಅನ್ನಪೂರ್ಣ ಪಟವನ್ನು ಎಲ್‌ಇಡಿ ಹಲಗೆಯ ಮೇಲಿಟ್ಟಳು. ಕ್ಯಾಮೆರಾವನ್ನು ತಗ್ಗಿಸಿದಳು. ಬೆರಳುಗಳು ಚೌಕಟ್ಟಿನಾಚೆ ಸರಿದವು. ಎಲೆ ಮಾತ್ರ ಉಳಿಯಿತು. ಗುಂಡಿ ಒತ್ತಿದಳು.

ಹಲಗೆಯ ಬೆಳಕು ಆರಿತು.

ಮೊದಲು ಬಂದದ್ದು ವಾಸನೆ. ಸುಟ್ಟ ಚರ್ಮದ್ದು. ಆಮೇಲೆ ಮೂಲೆಯಲ್ಲಿ ಸದ್ದು. ಒಣಗಿದೆಲೆಗಳ ಮೇಲೆ ಯಾರೋ ಕಾಲೂರಿದಂತೆ. ಎಡಗೈಯಲ್ಲಿ ಮೊಬೈಲಿನ ಟಾರ್ಚ್ ಹಾಕಿದಳು. ಮೂಲೆಯಲ್ಲಿ ಯಾರೂ ಇಲ್ಲ. ಬಲ ಮಣಿಕಟ್ಟಿನ ಸುತ್ತ ಮಾತ್ರ ದಾರ ಬಿಗಿದಂತೆ ಒಂದು ಬಿಳಿ ಗೆರೆ. ಅದರ ಕೆಳಗೆ ಚರ್ಮದಿಂದ, ತುಕ್ಕು ಹಿಡಿದ ಎಲೆಯಿಂದ ಉದುರುವಂಥದೇ ಕಿತ್ತಳೆ ಬಣ್ಣದ ಪುಡಿ ಉದುರುತ್ತಿತ್ತು. ಒರೆಸಿದಳು. ಮತ್ತೆ ಬಂತು. ನೋವಿಲ್ಲ. ಮುಟ್ಟಿದ್ದೂ ತಿಳಿಯಲಿಲ್ಲ.

“ಅಜ್ಜಿ...”

ಬಾಗಿಲಾಚೆಯಿಂದ ಸಾವಂತ್ರಮ್ಮ ಕೂಗಿದಳು. “ತೆಗೆದೇಬಿಟ್ರಾ? ಕೈ ಸಮೇತ ಇನ್ನೊಂದು ತೆಗೀರಿ. ಬೇಗ.”

ಅನ್ನಪೂರ್ಣ ಗೋಣಿಚೀಲ ಕಿತ್ತೆಸೆದಳು. ಕಿಟಕಿಯ ಬೆಳಕಿಗೆ ಹಿಡಿಯಲು ಪಟವನ್ನು ಎರಡೂ ಕೈಯಲ್ಲಿ ಎತ್ತಿದಳು. ಎಡಗೈ ಹಿಡಿಯಿತು. ಬಲಗೈ ಹಿಡಿಯಲಿಲ್ಲ. ಗಾಜು ವಾಲಿತು. ಜಾರಿತು. ನೆಲಕ್ಕೆ ಬಡಿಯಿತು.

ಎಲೆಯಿದ್ದ ಅರ್ಧ ಇಡಿಯಾಗಿಯೇ ಉಳಿದಿತ್ತು. ಕೈಯಿದ್ದ ಅರ್ಧ ನುಚ್ಚುನೂರು.

ಬಾಗಿಲು ತೆರೆದ ಸಾವಂತ್ರಮ್ಮ ನೆಲ ನೋಡಿದಳು. “ಇನ್ನು ತೆಗೆಯಾಕೆ ಕೈಯೇ ಉಳೀಲಿಲ್ಲ,” ಎಂದಳು. ಅನ್ನಪೂರ್ಣ ಎಲೆಯ ಶಾಖ ಅಳೆಯುವ ಉಪಕರಣವನ್ನು ಚೀಲದಿಂದ ಎಡಗೈಯಲ್ಲಿ ತೆಗೆದು, ಮೊದಲು ಗೋಡೆಗೆ, ಆಮೇಲೆ ಬಲ ಅಂಗೈಗೆ ಹಿಡಿದಳು. ಕೈಯಲ್ಲಿ ಮೈಯ ಬಿಸಿಯಿಲ್ಲ. ಎರಡೂ ಸಲ ಅದೇ ಅಂಕಿ: ೨೬.೪ ಡಿಗ್ರಿ ಸೆಲ್ಸಿಯಸ್.