ನೀರು ಬೇಡ, ಹಾಡು ಬೇಕು

"ಮೆರಿನ್ ಎಲ್ಲಿ? ಹಿಡ್ಕೊಂಡ್ ಬನ್ರೋ ಅವಳನ್ನ! ನಡುವೆ ನಿಲ್ಲಿಸ್ಬೇಕು!"

ತಗಡಿನ ಶೆಡ್ಡಿನೊಳಗಿಂದ ಕ್ಯಾಪ್ಟನ್ ಹ್ಯಾಮಿಶ್ ಕೂಗುತ್ತಿದ್ದ. ಮೆರಿನ್ ಆಗಲೇ ಹೊರಗೆ ಓಡಿ, ಮಳೆನೀರಿನ ಟ್ಯಾಂಕಿನ ಹಿಂದೆ ಕೂತುಬಿಟ್ಟಿದ್ದಳು. ಎರಡೂ ಕೈ ಕಿವಿಯ ಮೇಲೆ. ಮೊಣಕಾಲು ಗದ್ದಕ್ಕೆ.

ಒಳಗೆ ಹಾಡು ಶುರುವಾಯಿತು. ಹತ್ತು ವರ್ಷದ ಮಕ್ಕಳೆಲ್ಲ ಸೇರಿ ತಗಡಿನ ಗೋಡೆ ಬಡಿಯುತ್ತಾ ಹಾಡಿದರೆ ಕೇಳಬೇಕೇ!

"ಪೆಲಿಕನ್ ಬಂತು, ದಾರಿ ಬಿಡಿ!
ಕೊಕ್ಕಿನ ತುಂಬಾ ಗೆಲುವು, ನೋಡಿ!"

ಪೆಲಿಕನ್ ಕ್ಲಬ್ಬಿನ ಫುಟ್ಬಾಲ್ ತಂಡ ಗೆದ್ದ ದಿನ ಮಾತ್ರ ಈ ಹಾಡು. ಸೋತರೆ ಯಾರೂ ಗುನುಗುವುದೂ ಇಲ್ಲ. ತಂಡಕ್ಕೆ ಹೊಸದಾಗಿ ಸೇರಿದವರ ಮೊದಲ ಗೆಲುವಾದರೆ ಅವರನ್ನು ನಡುವೆ ನಿಲ್ಲಿಸುತ್ತಾರೆ. ಉಳಿದವರು ಹೆಗಲ ಮೇಲೆ ಕೈ ಹಾಕಿಕೊಂಡು ಸುತ್ತ ಮುತ್ತಿಕೊಂಡು ಹಾಡುತ್ತಾರೆ. ಕೊನೆಗೆ ಬಾಟ್ಲಿಗಟ್ಟಲೆ ನೀರು ತಲೆಯ ಮೇಲೆ ಸುರಿಯುತ್ತಾರೆ. ಆ ಊರಲ್ಲಿ ಮಗುವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಮೊಮ್ಮಕ್ಕಳಿರುವ ಅಜ್ಜಂದಿರು ಕೂಡ ತಮ್ಮ ಮೇಲೆ ಎಷ್ಟು ನೀರು ಬಿತ್ತು ಅಂತ ಇವತ್ತಿಗೂ ಕೊಚ್ಚಿಕೊಳ್ಳುತ್ತಾರೆ.

ಮೆರಿನ್ ಈ ಚಳಿಗಾಲದಲ್ಲೇ ತಂಡಕ್ಕೆ ಸೇರಿದ್ದು. ಆಡಿದ್ದೆಲ್ಲ ಸೋತು ಸೋತು, ಇವತ್ತೇ ಅವಳ ಮೊದಲ ಗೆಲುವು.

ಹಾಡು ಮುಗಿಯಿತು. ಹ್ಯಾಮಿಶ್ ಟ್ಯಾಂಕಿನ ಹಿಂದೆ ಬಂದ. ಅವನ ಕೈಯಲ್ಲಿ ನೀರು ತುಂಬಿದ ಬಾಟ್ಲಿ.

"ಏನೇ ನೀನು! ನಿಂಗೋಸ್ಕರ ಅಂತಾನೇ ತುಂಬಿಸಿಟ್ಟಿದ್ದೆ. ಗೆದ್ದಿದ್ದು ಖುಷಿ ಇಲ್ವಾ ನಿಂಗೆ?"

ಮೆರಿನ್‌ಗೆ ಬೇಕಾದಷ್ಟು ಖುಷಿಯಿತ್ತು. ಆದರೆ ಗಲಾಟೆಯಾದ ಮೇಲೆ ಸ್ವಲ್ಪ ಹೊತ್ತು ಅವಳಿಗೆ ಮಾತು ಹೊರಡುವುದಿಲ್ಲ.

"ನಮ್ ಜೊತೆ ನಿಂತ್ಕೊಳ್ಳೋಕೆ ಆಗಲ್ಲ ಅಂದ್ರೆ ಹೇಳ್ಬಿಡು. ಹೀಗೆ ಓಡಿ ಹೋಗಿ ಅವಮಾನ ಮಾಡ್ಬೇಡ," ಎಂದು ಬಾಟ್ಲಿಯ ನೀರನ್ನೆಲ್ಲ ನೆಲಕ್ಕೆ ಚೆಲ್ಲಿ ಹ್ಯಾಮಿಶ್ ಹೊರಟುಹೋದ. ಅವನಿಗೆ ನಿಜವಾಗಿಯೂ ನೋವಾಗಿತ್ತು.

ಮನೆಗೆ ಬಂದ ಮೆರಿನ್ ನೇರ ಕೋಳಿಗೂಡಿಗೆ ಹೋದಳು. ಕಾಳು ಚೆಲ್ಲುತ್ತಾ ಪೆಲಿಕನ್ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹಾಡಿದಳು. ಅಮ್ಮ ಬಂದು ಬೇಲಿಗೆ ಒರಗಿ ನಿಂತರು.

"ಕೋಚ್ ಟ್ರಿಶ್‌ಗೆ ಫೋನ್ ಮಾಡಿದ್ದೆ ಚಿನ್ನಾ. ಆಟಿಸಂ ಇರೋ ಮಕ್ಕಳಲ್ಲಿ ತುಂಬಾ ಜನಕ್ಕೆ ಗಲಾಟೆ ತಡ್ಕೊಳ್ಳೋಕಾಗಲ್ಲ ಅಂತ ಅವಳಿಗೂ ಗೊತ್ತು. ಇನ್ಮೇಲೆ ಹಾಡೋ ಹೊತ್ತಿಗೆ ನೀನು ಅವಳ ಕಾರಲ್ಲಿ ಕೂತ್ಕೋಬಹುದಂತೆ. ಹೀಟರ್ ಕೂಡ ಹಾಕಿಡ್ತಾಳಂತೆ."

ಮೆರಿನ್ ಕಾಳಿನ ಡಬ್ಬಿ ಕೆಳಗಿಟ್ಟಳು.

"ಕಾರಲ್ಲಿ ಕೂತ್ರೆ ನಾನು ತಂಡದಲ್ಲಿ ಇದ್ದ ಹಾಗಾ?"

"ಇದ್ದ ಹಾಗೇ ಅಲ್ವೇನೇ?"

"ಅಲ್ಲ. ಕಾರಲ್ಲಿ ಇದ್ದ ಹಾಗೆ."

ಅಮ್ಮ ಬೇಲಿಯ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತರು. ಆಮೇಲೆ ಕೇಳಿದರು: "ಹಾಗಾದ್ರೆ ನಿಂಗೇನು ಬೇಕು?"

ಇದನ್ನು ಇವತ್ತು ಯಾರೂ ಕೇಳಿರಲಿಲ್ಲ. ಕೆಂಪು ಕೋಳಿಯೊಂದು ಅವಳ ಶೂ ಲೇಸು ಕುಕ್ಕುತ್ತಿತ್ತು. ಮೆರಿನ್ ಬಗ್ಗಿ ಲೇಸು ಬಿಡಿಸಿಕೊಂಡಳು.

"ಹಾಡು ಬೇಕು," ಎಂದಳು.

"ಸರಿ. ಹಾಗಂತ ಟ್ರಿಶ್‌ಗೆ ಹೇಳ್ತೀನಿ."

"ಬೇಡ. ನಾನೇ ಹೇಳ್ತೀನಿ. ಎಲ್ಲರಿಗೂ."

ಗುರುವಾರ ಸಂಜೆ ಪ್ರಾಕ್ಟೀಸ್. ಟ್ರಿಶ್ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿ, "ಮೆರಿನ್ ಏನೋ ಹೇಳ್ಬೇಕಂತೆ. ಬಾಯಿ ಮುಚ್ಕೊಂಡು ಕೇಳಿ," ಎಂದಳು.

ಮೆರಿನ್ ಎದ್ದು ನಿಂತಳು. ಮುಖಗಳನ್ನು ನೋಡಿದರೆ ಮಾತು ಮರೆಯುತ್ತದೆಂದು ದೂರದ ಗೋಲ್ ಕಂಬ ನೋಡಿಕೊಂಡು ಶುರು ಮಾಡಿದಳು.

"ನಂಗೆ ಆಟಿಸಂ ಇದೆ."

"ಗೊತ್ತು ಕಣೇ. ಟೀಚರ್ ಹೋದ ವರ್ಷವೇ ಹೇಳಿದ್ರಲ್ಲ," ಎಂದಳು ಅವಳ ಕ್ಲಾಸಿನ ಇಂಡಿ. "ಅದಕ್ಕೂ ಹಾಡಿಗೂ ಏನ್ ಸಂಬಂಧ?"

"ತಗಡಿನ ಶೆಡ್ಡಲ್ಲಿ ಕೂಗಿದ್ರೆ ನನ್ನ ತಲೆಯೊಳಗೇ ಕೂಗಿದ ಹಾಗಾಗುತ್ತೆ. ಮೈಮೇಲೆ ನೀರು ಬಿದ್ರೆ ಇರುವೆ ಹರಿದ ಹಾಗೆ. ಯಾರಾದ್ರೂ ಹೆಗಲು ಹಿಡ್ಕೊಂಡ್ರೆ ಇನ್ನೂ ಕಷ್ಟ. ನಾನು ಬೇಕು ಅಂತ ಓಡಿದ್ದಲ್ಲ. ಕಾಲು ಓಡ್ಬಿಡ್ತು."

ಹ್ಯಾಮಿಶ್ ಬಿಡಲಿಲ್ಲ. "ಗೋಲ್ ಆದಾಗ ಮೈದಾನದ ಸುತ್ತ ಕಾರಲ್ಲಿ ಕೂತು ನೋಡೋರೆಲ್ಲ ಹಾರ್ನ್ ಹೊಡೀತಾರಲ್ಲ? ಅದೇನ್ ಕಮ್ಮಿ ಸದ್ದಾ? ಆಗ ಯಾಕೆ ಓಡಲ್ಲ?"

"ಅಂಪೈರ್ ಬಾವುಟ ಬೀಸಿದ ಮೇಲೇ ಹಾರ್ನ್ ಬರೋದು. ಬರುತ್ತೆ ಅಂತ ಗೊತ್ತಿದ್ರೆ ಮೊದ್ಲೇ ಕಿವಿ ಮುಚ್ಕೋತೀನಿ. ಆಗ ಏನೂ ಆಗಲ್ಲ."

ಹೌದು, ಅವಳು ಹಾಗೆ ಕಿವಿ ಮುಚ್ಚಿಕೊಳ್ಳುವುದನ್ನು ಎಲ್ಲರೂ ನೋಡಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ, ಅಷ್ಟೇ.

"ಅಂದ್ರೆ ಶೆಡ್ ಬೇಡ, ನೀರು ಬೇಡ, ಹೆಗಲ ಮೇಲೆ ಕೈ ಬೇಡ, ಕೂಗೋದೂ ಬೇಡ," ಹ್ಯಾಮಿಶ್ ಬೆರಳು ಮಡಚುತ್ತಾ ಹೋದ. "ಮತ್ತೆ ಉಳಿಯೋದೇನೇ?"

"ಹಾಡು," ಎಂದಳು ಮೆರಿನ್. "ನಂಗೆ ಪೂರ್ತಿ ಬರುತ್ತೆ. ನಮ್ಮನೆ ಕೋಳಿಗಳಿಗೂ ಬರುತ್ತೆ."

ಎಲ್ಲರೂ ಗೊಳ್ಳೆಂದು ನಕ್ಕರು. ಮೆರಿನ್‌ಗೂ ಸ್ವಲ್ಪ ನಗು ಬಂತು.

"ಕಾರಲ್ಲಿ ಕೂತ್ಕೋ ಅಂದಿದ್ದು ನನ್ನ ತಪ್ಪು ಕಣಮ್ಮಾ. ಮೊದಲು ನಿನ್ನನ್ನೇ ಕೇಳ್ಬೇಕಿತ್ತು," ಎಂದಳು ಟ್ರಿಶ್. "ಸರಿ, ಈಗೇನು ಮಾಡೋಣ? ಒಬ್ಬೊಬ್ಬರಾಗಿ ಹೇಳ್ರಪ್ಪಾ!"

ಒಬ್ಬೊಬ್ಬರಾಗಿ ಯಾರು ಹೇಳುತ್ತಾರೆ? ಎಲ್ಲರೂ ಒಟ್ಟಿಗೇ ಹೇಳಿದರು. ಕೊನೆಗೆ ತೀರ್ಮಾನವಾಯಿತು. ಹಾಡು ಮೈದಾನದ ಮಧ್ಯದಲ್ಲಿ, ಆಕಾಶದ ಕೆಳಗೆ. ವೃತ್ತ ದೊಡ್ಡದು, ಯಾರೂ ಯಾರನ್ನೂ ಮುಟ್ಟುವಂತಿಲ್ಲ. ದನಿ ಮೆಲ್ಲಗೆ. ತಪ್ಪಿಹೋದ ಮೆರಿನ್ ಸರದಿ ಮುಂದಿನ ಗೆಲುವಿಗೆ.

"ಗುಸುಗುಸು ಅಂತ ಹಾಡೋಕೆ ನಾವೇನು ಫುಟ್ಬಾಲ್ ತಂಡಾನಾ, ಲೈಬ್ರರಿನಾ?" ಎಂದು ಹ್ಯಾಮಿಶ್ ಗೊಣಗಿದ. ಆದರೆ ಬೇಡ ಅನ್ನಲಿಲ್ಲ.

ಉಪಾಯವೇನೋ ಸಿದ್ಧ. ಆದರೆ ಹಾಡಬೇಕಾದರೆ ಗೆಲ್ಲಬೇಕಲ್ಲ! ಮುಂದಿನ ಶನಿವಾರ ಪಕ್ಕದ ಊರಿಗೆ ಹೋಗಿ ಸೋತು ಬಂದರು. ಅದರ ಮುಂದಿನ ಶನಿವಾರ ಇನ್ನೊಂದು ಊರಿಗೆ ಹೋಗಿ ಇನ್ನೂ ಚೆನ್ನಾಗಿ ಸೋತು ಬಂದರು. "ನಿಮ್ಮನೆ ಕೋಳಿಗಳನ್ನೇ ಆಡಿಸ್ಬಹುದಿತ್ತು," ಎಂದಳು ಇಂಡಿ.

ಮೂರನೆಯ ಶನಿವಾರ ಆಟ ತಮ್ಮೂರಲ್ಲೇ. ಸಮುದ್ರದ ಕಡೆಯಿಂದ ಕೊರೆಯುವ ಗಾಳಿ. ಮೈದಾನದ ಸುತ್ತ ಕಾರುಗಳು ಮೂತಿ ಒಳಕ್ಕೆ ಮಾಡಿ ನಿಂತಿದ್ದವು. ಒಳಗೆ ಅಜ್ಜಿ ತಾತಂದಿರು ಕಂಬಳಿ ಹೊದ್ದು, ಫ್ಲಾಸ್ಕಿನಿಂದ ಟೀ ಕುಡಿಯುತ್ತಿದ್ದರು. ಆಟಕ್ಕೆ ಮುಂಚೆ ಹ್ಯಾಮಿಶ್ ಒಂದೊಂದು ಕಾರಿನ ಕಿಟಕಿಗೂ ಹೋಗಿ ಏನೋ ಹೇಳಿ ಬರುತ್ತಿದ್ದ. ಕ್ಲಬ್ಬಿನ ಲಾಟರಿ ಚೀಟಿ ಮಾರುತ್ತಿರಬೇಕು ಎಂದುಕೊಂಡಳು ಮೆರಿನ್.

ಅವರದು ಚೆಂಡನ್ನು ಕೈಯಲ್ಲೂ ಹಿಡಿಯಬಹುದಾದ ಫುಟ್ಬಾಲ್. ಆಟ ಕೊನೆಯವರೆಗೂ ಸಮಸಮ. ಇನ್ನೇನು ಮುಗಿಯಬೇಕು ಅನ್ನುವಾಗ ಮೊಟ್ಟೆಯಾಕಾರದ ಚೆಂಡು ಗಾಳಿಯಲ್ಲಿ ತಿರುಗುತ್ತಾ ಬಂತು. ಮೆರಿನ್ ಎಗರಿ ಅದನ್ನು ಎದೆಗೆ ಅವುಚಿಕೊಂಡಳು. ಗೋಲ್ ಕಂಬ ಅವಳಿಗೆ ದೂರ, ಹ್ಯಾಮಿಶ್‌ಗೆ ಹತ್ತಿರ. ಅವನತ್ತ ಒದ್ದಳು. ಹ್ಯಾಮಿಶ್ ಹಿಡಿದ, ತಿರುಗಿದ, ಒದ್ದ. ಚೆಂಡು ಕಂಬಗಳ ನಡುವೆ ನುಗ್ಗಿತು.

ಅಂಪೈರ್ ಬಾವುಟ ಬೀಸಿದ. ಮೆರಿನ್ ಕಿವಿ ಮುಚ್ಚಿಕೊಂಡಳು. ಹಾರ್ನ್‌ಗಳು ಮೊಳಗಿದವು. ಸ್ವಲ್ಪ ಹೊತ್ತಿಗೆ ಆಟ ಮುಗಿಯಿತು. ಗೆದ್ದರು!

ಅಭ್ಯಾಸಬಲ ನೋಡಿ, ಎಲ್ಲರೂ ಶೆಡ್ಡಿನ ಕಡೆಗೇ ಓಡಿದರು. "ಲೇ, ಎಲ್ಲಿಗ್ರೋ? ಈ ಕಡೆ!" ಎಂದು ಹ್ಯಾಮಿಶ್ ಮೈದಾನದ ಮಧ್ಯಕ್ಕೆ ಕರೆದ. ಎಲ್ಲರೂ ದೊಡ್ಡ ವೃತ್ತವಾಗಿ ನಿಂತರು. "ಇನ್ನೂ ಹಿಂದೆ ಹೋಗ್ರೋ, ಇನ್ನೂ ಹಿಂದೆ!"

ಮೆರಿನ್ ತಾನಾಗಿಯೇ ನಡೆದು ಬಂದು ನಡುವೆ ನಿಂತಳು.

"ಪೆಲಿಕನ್ ಬಂತು, ದಾರಿ ಬಿಡಿ..."

ಎಷ್ಟು ಮೆಲ್ಲಗೆ ಎಂದರೆ, ಮಾತುಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಮೆರಿನ್ ತನ್ನ ಬೂಟು ನೋಡುತ್ತಾ ಹಾಡಿದಳು. ಕೋಳಿಗಳಿಲ್ಲದೆ, ಮನುಷ್ಯರ ಜೊತೆ, ಇದೇ ಮೊದಲ ಸಲ.

ಹಾಡಿನ ನಡುವೆ ಅವಳಿಗೆ ಥಟ್ಟನೆ ನೆನಪಾಯಿತು. ಗೆದ್ದ ಮೇಲೆ ಕಾರುಗಳೆಲ್ಲ ಒಟ್ಟಿಗೆ ಉದ್ದಕ್ಕೆ ಹಾರ್ನ್ ಹೊಡೆಯುತ್ತವೆ! ಅದಕ್ಕೆ ಯಾರೂ ಬಾವುಟ ಬೀಸುವುದಿಲ್ಲ. ಅವಳ ಕೈ ಕಿವಿಯ ಹತ್ತಿರ ಹೋಯಿತು. ಕಾಲು ಓಡಲು ಅಣಿಯಾಯಿತು.

ಹಾರ್ನ್ ಬರಲಿಲ್ಲ. ಹಳೆಯ ಬಿಳಿ ಕಾರೊಂದರ ಹೆಡ್‌ಲೈಟ್ ಪಕ್ಕನೆ ಹತ್ತಿ ಆರಿತು. ಪಕ್ಕದ ಕಾರಿನದೂ ಹತ್ತಿತು. ಅದರ ಪಕ್ಕದ್ದೂ. ಮೈದಾನದ ಸುತ್ತ ದೀಪಗಳು ಸದ್ದಿಲ್ಲದೆ ಮಿಣುಕತೊಡಗಿದವು. ಹ್ಯಾಮಿಶ್ ಕಿಟಕಿ ಕಿಟಕಿಗೆ ಹೋಗಿದ್ದು ಲಾಟರಿಗಲ್ಲ!

ಮೆರಿನ್ ಅವನ ಮುಖ ನೋಡಿದಳು. ಹ್ಯಾಮಿಶ್ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ತುರುಕಿಕೊಂಡಿದ್ದ. ಮುಖ ಕೆಂಪಗೆ. ಕೂಗು ಹೊರಬರದಂತೆ ತಡೆದು ತಡೆದು ಹಾಡುತ್ತಿದ್ದ. ಅವಳಿಗೆ ಅದು ಚೆನ್ನಾಗಿ ಗೊತ್ತಿರುವ ಕಷ್ಟ. ಶೆಡ್ಡಿನಲ್ಲಿ ಅವಳೂ ಹೀಗೇ ತನ್ನನ್ನು ತಾನು ಹಿಡಿದುಕೊಂಡಿದ್ದಳು, ಆಗುವಷ್ಟು ಹೊತ್ತು. ಸುಮ್ಮನಿರುವುದು ಅವನಿಗೆ ಅಷ್ಟೇ ಕಷ್ಟ.

ಕೊನೆಯ ಸಾಲು ಬರುವ ಮೊದಲೇ ಮೆರಿನ್ ಕೈ ಎತ್ತಿದಳು.

"ನಿಲ್ಸಿ! ಕೊನೇ ಸಾಲು ಜೋರಾಗಿ ಹೇಳಿ."

"ನಿಜವಾಗ್ಲೂ?" ಹ್ಯಾಮಿಶ್‌ನ ಕಣ್ಣು ಅಗಲವಾಯಿತು. "ಎಷ್ಟು ಜೋರು?"

"ಎಷ್ಟು ಬೇಕಾದ್ರೂ. ಕಾರಿನವರಿಗೂ ಕೈ ತೋರ್ಸು, ಹಾರ್ನ್ ಹೊಡೀಲಿ. ನಾನು ಕಿವಿ ಮುಚ್ಕೊಂಡು ತಲೆ ಆಡಿಸಿದ ಮೇಲೆ."

ಅವಳು ಅಂಗೈಗಳನ್ನು ಕಿವಿಗೆ ಒತ್ತಿಕೊಂಡಳು. ಸರಿಯಾಗಿ ಕೂತವೇ ಎಂದು ನೋಡಿಕೊಂಡಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮೆರಿನ್ ತಲೆ ಆಡಿಸಿದಳು.

"ನಾವೇ! ನಾವೇ! ನಾವೇ!"

ಬೇಲಿಯ ಮೇಲೆ ಕೂತಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಹಾರ್ನ್‌ಗಳ ಸದ್ದು ಅಂಗೈಗಳಾಚೆಗೆ, ದೂರದ ಸಮುದ್ರದಂತೆ ಕೇಳಿತು. ಮೆರಿನ್ ಕೂಡ ಬಾಯಿ ತುಂಬ ಕೂಗುತ್ತಿದ್ದಳು.

ಸದ್ದು ಇಳಿದ ಮೇಲೆ ಕೈ ತೆಗೆದಳು. ಹ್ಯಾಮಿಶ್ ಬೆನ್ನ ಹಿಂದೆ ಹುಲ್ಲಿನ ಮೇಲಿಟ್ಟಿದ್ದ ನೀರಿನ ಬಾಟ್ಲಿ ಎತ್ತಿಕೊಂಡ. ಮೆರಿನ್ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಮುಚ್ಚಳ ತಿರುಗಿಸಿ, ಆ ತಣ್ಣನೆಯ ನೀರನ್ನೆಲ್ಲ ತನ್ನ ತಲೆಯ ಮೇಲೇ ಸುರಿದುಕೊಂಡ.

"ಯಾರ ಮೇಲಾದ್ರೂ ಬೀಳ್ಬೇಕಲ್ವಾ ಮತ್ತೆ!" ಎಂದ, ಚಳಿಗೆ ಹಲ್ಲು ಕಟಕಟಿಸುತ್ತಾ. "ಇದು ನಿಂದು ಕಣೇ. ನಿನ್ನ ಪರವಾಗಿ ನಾನು."

ಮೆರಿನ್ ಅವನ ಕೂದಲಿನಿಂದ ತೊಟ್ಟಿಕ್ಕುವ ನೀರನ್ನು ನೋಡಿದಳು. ತುಂಬಾ ಇತ್ತು. ಮನೆಗೆ ಹೋದ ಕೂಡಲೇ ಎಷ್ಟು ನೀರು ಬಿತ್ತು ಅಂತ ಅಮ್ಮನಿಗೆ ಹೇಳಬೇಕು ಎಂದುಕೊಂಡಳು.