ಎರಡು ಹಲ್ಲಿನ ಪ್ರಾರ್ಥನೆ

“ಬಂತಾ?” ಅಣ್ಣ ಬಚ್ಚಲ ಬಾಗಿಲು ಬಡಿಯುತ್ತಾ ಕೇಳಿದ.

“ಇಲ್ಲ. ಥ್ವಲ್ಪ ಇರೋ!”

“ಹಲ್ಲೇನು ಬಸ್ಸಾ, ನಿಂತು ಕಾಯೋಕೆ? ನಂಗೆ ಲೇಟಾಗ್ತಿದೆ!”

ಒಳಗೆ ಬುಗುರಿ ಕನ್ನಡಿಗೆ ಮೂಗು ತಾಗಿಸಿ, ಬಾಯಿ ತೆರೆದು ನಿಂತಿದ್ದಳು. ಕೂತಲ್ಲಿ ಕೂರದೆ ಗಿರಗಿರ ತಿರುಗುವ ಅವಳನ್ನು ಮನೆಯವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಮೇಲಿನ ಎರಡು ಹಲ್ಲು ಬಿದ್ದು ಐದು ತಿಂಗಳಾಗಿತ್ತು. ಅಂದಿನಿಂದ ಅವಳ ಬಾಯಲ್ಲಿ ‘ಸ’ ಎಲ್ಲ ‘ಥ’ ಆಗಿಬಿಟ್ಟಿತ್ತು.

ನಾಳೆ ಭಾನುವಾರ. ಚರ್ಚಿನಲ್ಲಿ ಪ್ರಾರ್ಥನೆಯ ನೋಟ್‌ಬುಕ್ ಓದುವ ಸರದಿ ಅವಳದು. ತಮಗೋ ಬೇರೆಯವರಿಗೋ ಏನು ಬೇಕೋ ಅದನ್ನು ಎಲ್ಲರೂ ಅದರಲ್ಲಿ ಬರೆದಿಡುತ್ತಾರೆ. ಮಕ್ಕಳಲ್ಲೊಬ್ಬರು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ.

ಬುಗುರಿ ತನ್ನ ಬೇಡಿಕೆಯನ್ನು ಬರೆದಿರಲಿಲ್ಲ. ನೇರವಾಗಿ ಯೇಸುವಿಗೇ ಹೇಳಿದ್ದಳು. ಸೋಮವಾರ ಎರಡು ಹಲ್ಲು ಕೇಳಿದಳು. ಬುಧವಾರ ಒಂದಾದರೂ ಪರವಾಗಿಲ್ಲ ಅಂದಳು. ಶುಕ್ರವಾರ, “ಅರ್ಧ ಹಲ್ಲಾದ್ರೂ ಕೊಡಪ್ಪಾ, ಉಳಿದರ್ಧ ಆಮೇಲೆ ನೋಡ್ಕೊಳ್ಳೋಣ,” ಎಂದು ಚೌಕಾಸಿಗೇ ಇಳಿದಳು.

ಶನಿವಾರ ಸಂಜೆ ಅಪ್ಪನ ಮುಂದೆ ಅತ್ತೇಬಿಟ್ಟಳು. ಅಪ್ಪ ಬಡಗಿ. ಕಿವಿಯ ಮೇಲಿದ್ದ ಪೆನ್ಸಿಲ್ ಕೈಗೆ ತೆಗೆದುಕೊಂಡ.

“ಅಷ್ಟು ಅರ್ಜೆಂಟಾದ್ರೆ ಮರದ್ದು ಮಾಡ್ಕೊಡ್ತೀನಿ. ಪಾಲಿಶ್ ಸಮೇತ. ಬಾಯಿ ತೆಗಿ, ಅಳತೆ ತಗೋತೀನಿ.”

ಬುಗುರಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ರಾತ್ರಿ ಊಟಕ್ಕೇ ತೆರೆದದ್ದು.

ಭಾನುವಾರ ಹಲ್ಲು ಬರಲಿಲ್ಲ, ಸರದಿ ಬಂತು.

ಪಾಸ್ಟರ್ ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟರು. ಬುಗುರಿ ನೋಟ್‌ಬುಕ್ ತೆರೆದಳು. ಆ ವಾರದ ಪುಟದ ಮೊದಲ ಸಾಲಿನಲ್ಲೇ ಮೂರು ‘ಸ’!

“ಥೈಕಲ್ ಅಂಗಡಿಯವರ ಥೊಂಟನೋವು ಥರಿಹೋಗಲಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಟೀಚರ್ ಥೊಥೆಗೆ ಥುಥೂತ್ರವಾಗಿ ಹೆರಿಗೆಯಾಗಲಿ.”

ಈಗ ಇಡೀ ಚರ್ಚು ನಕ್ಕಿತು. ಸೈಕಲ್ ಅಂಗಡಿಯವರಂತೂ ಸೊಂಟ ಹಿಡಿದುಕೊಂಡು, “ಅಯ್ಯೋ, ನಗಿಸಬೇಡಮ್ಮಾ, ಇನ್ನೂ ಜಾಸ್ತಿಯಾಗುತ್ತೆ!” ಎಂದು ನರಳಿದರು.

ಬುಗುರಿಯ ಕಿವಿ ಬಿಸಿಯಾಯಿತು. ಮೈಕ್ ಬಿಟ್ಟು ಓಡಿಬಿಡೋಣ ಅನ್ನಿಸಿತು. ಆದರೆ ಇನ್ನೊಂದು ಸಾಲು ಉಳಿದಿತ್ತು. ಆ ಗುಂಡಗಿನ ಅಕ್ಷರ ಅಜ್ಜಿಯದು.

“ನನ್ನ ತಂಗಿ ನನ್ನ ಜೊತೆ ಮಾತಾಡಲಿ.”

ಅದರಲ್ಲಿ ಒಂದೂ ‘ಸ’ ಇರಲಿಲ್ಲ. ನಗು ನಿಂತಿತು. ಒಬ್ಬೊಬ್ಬರಾಗಿ ತಲೆ ಬಾಗಿಸಿದರು. ಸೈಕಲ್ ಅಂಗಡಿಯವರೂ ಕಣ್ಣೊರೆಸಿಕೊಂಡು ತಲೆ ಬಾಗಿಸಿದರು.

ಎಲ್ಲರ ಕಣ್ಣು ಮುಚ್ಚಿದ್ದಾಗ ಬುಗುರಿ ಮೆಲ್ಲಗೆ ಹಿಂದಿನ ಪುಟ ತಿರುವಿದಳು. ಅಲ್ಲೂ ಅದೇ ಸಾಲು. ಅದರ ಹಿಂದೆಯೂ. ಮೊಟ್ಟಮೊದಲ ಪುಟದಲ್ಲೂ. ಬೇರೆ ಮಕ್ಕಳು ಓದುವಾಗ ಅವಳು ಕಿವಿಗೊಟ್ಟಿರಲೇ ಇಲ್ಲ.

ಮನೆಗೆ ನಡೆಯುವಾಗ ಕೇಳಿಯೇಬಿಟ್ಟಳು. “ಅಜ್ಜಿ, ಯಾವಾಗಿಂದ ಬರೀತಿದೀಯ?”

“ಒಂಬತ್ತು ವರ್ಷ ಆಯ್ತು. ಇದು ನಾಲ್ಕನೇ ನೋಟ್‌ಬುಕ್ಕು.”

“ಬೇಜಾರಾಗಲ್ವಾ?”

“ಆಗುತ್ತೆ ಕಣೇ. ಬೇಜಾರಾಗಿದೆ ಅಂತಾನೂ ದೇವರಿಗೇ ಹೇಳ್ತೀನಿ. ಒಂದೊಂದ್ಸಲ ಜಗಳಾನೂ ಆಡ್ತೀನಿ. ಮಾರನೇ ದಿನ ಮತ್ತೆ ಹೋಗಿ ಕೇಳ್ತೀನಿ.”

ಬೀದಿಯ ಮೂಲೆಯ ಅಂಚೆಪೆಟ್ಟಿಗೆಯ ಹತ್ತಿರ ಅಜ್ಜಿ ನಿಂತು, ಬ್ಯಾಗಿನಿಂದ ಒಂದು ಕವರ್ ತೆಗೆದಳು.

“ಫೋನ್ ಎತ್ತಲ್ಲ ಅವಳು. ಅದಕ್ಕೇ ಕಾಗದ. ಮೊದಮೊದಲು ಒಡೆದೂ ನೋಡದೆ ವಾಪಸ್ ಕಳಿಸ್ತಿದ್ದಳು. ಈಗ ಎರಡು ವರ್ಷದಿಂದ ಒಂದೂ ವಾಪಸ್ ಬಂದಿಲ್ಲ.”

“ಓದ್ತಾರಾ ಹಾಗಾದ್ರೆ?”

“ಗೊತ್ತಿಲ್ಲ. ಇಟ್ಕೊಂಡಂತೂ ಇದಾಳೆ.”

ಬುಗುರಿ ಕವರ್ ಈಸಿಕೊಂಡು, ತುದಿಗಾಲಲ್ಲಿ ನಿಂತು ಪೆಟ್ಟಿಗೆಯೊಳಗೆ ಬಿಟ್ಟಳು. ಟಪ್ ಎಂದಿತು.

ಅಜ್ಜಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಬುಗುರಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಅಲ್ಲೇ ನಿಂತಿದ್ದಳು.

“ಏನೇ ಮಾಡ್ತಿದೀಯ? ಬಾರೇ!”

“ಥುಮ್ನಿರಜ್ಜೀ,” ಅಂದಳು ಬುಗುರಿ ಕಣ್ಣು ತೆರೆಯದೆ. “ನಿನ್ನ ತಂಗೀದು ಕೇಳ್ತಾ ಇದೀನಿ.”