ಅಪ್ಪನ ಸ್ಪ್ಯಾನರ್

ತೀರಿಕೊಂಡ ಅಪ್ಪನ ಹಳೆಯ ಫ್ರೆಂಚ್ ರೇಸ್ ಸೈಕಲ್ಲನ್ನು ಬಿಚ್ಚಿ, ಫ್ರೇಮನ್ನು ಗೋಡೆಗೆ ನೇತುಹಾಕಿ, ಬಿಡಿಭಾಗಗಳ ಜೊತೆ ಮಾರಾಟಕ್ಕಿಟ್ಟಿದ್ದೆ. ಪೆಡಲಿನ ಅಚ್ಚು ಹಿಡಿಯಲು ಫ್ರೇಮಿಗೇ ತಿರುಪಿ ಕೂರಿಸುವ ಬಳೆಯಂಥ ಬಲಗಡೆಯ ಕಪ್ ತುಳಿದಷ್ಟೂ ಸಡಿಲವಾಗುವ ಜಾತಿಯದು. ಸವಾರಿಯಿಂದ ಬಂದಾಗಲೆಲ್ಲ ಅಪ್ಪ ಸ್ಪ್ಯಾನರ್ ಹಿಡಿದು ಬಿಗಿ ಮಾಡುತ್ತಿದ್ದರು. ಚಕ್ರವೇ ಇಲ್ಲದೆ ನೇತಾಡುತ್ತಿದ್ದ ಫ್ರೇಮಿನಲ್ಲೂ ಆ ಕಪ್ ದಿನಾ ಬೆಳಿಗ್ಗೆ ಸಡಿಲವಾಗಿರುತ್ತಿತ್ತು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ನಾನೇ ಬಿಗಿ ಮಾಡುತ್ತಿದ್ದೆ.

“ಸುತ್ತಾಡ್ಕೊಂಡು ಬಂದಿರ್ತಾರೆ ಬಿಡೋ. ಬದುಕಿದ್ದಾಗ ಯಾವತ್ತಾದ್ರೂ ಮನೇಲಿ ಕೂತಿದ್ರಾ?” ಅಂದಳು ಅಮ್ಮ, ಬಟ್ಟೆ ಮಡಿಸುತ್ತಾ.

ಪಕ್ಕದ ಬೀದಿಯ ಟೈಲರ್ ಎಲ್ಲವನ್ನೂ ಕೊಂಡುಹೋಗಿ ಜೋಡಿಸಿದ. ಆ ಕಪ್ಪಿಗೆ ಹೊಂದುವ ಒಂದೇ ಸ್ಪ್ಯಾನರನ್ನು ಕೊಡಲು ಮರೆತಿದ್ದೆ. ನೆನಪಾದಾಗ ಫೋನ್ ಮಾಡಿದೆ.

“ಬೇಕಾಗಿಲ್ಲ ಸಾರ್. ದಿನಾ ತುಳೀತೀನಿ, ಬೆಳಿಗ್ಗೆ ನೋಡಿದ್ರೆ ಕಪ್ ಬಿಗಿಯಾಗೇ ಇರುತ್ತೆ” ಅಂದ.

ಸ್ಪ್ಯಾನರ್ ನಮ್ಮ ಮನೆಯ ಮೊಳೆಯಲ್ಲೇ ಇದೆ. ಈಗ ಬೆಳಿಗ್ಗೆ ಬೆಚ್ಚಗಿರುವುದು ಅದು.